ಮೆಲ್ಲಗೆ ಮಾವ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಮಾತೂ ಸಾಲದು; ಓದುವವರು ಮನ್ನಿಸಬೇಕು. ನೂಲಿನ ಗಿರಣಿಯಲ್ಲಿ ಮೋಟರುಗಳಿಗೆ ವೇಗ ಹೊಂದಿಸುವ ಮೆಕ್ಯಾನಿಕ್‌ಗೆ ಎಲ್ಲರೂ ಇಟ್ಟಿರುವ ಹೆಸರು ಮೆಲ್ಲಗೆ ಮಾವ. ಅವರು ಬಾಗಿಲು ತೆರೆಯುವುದು ಮೆಲ್ಲಗೆ, ಸೀನುವುದೂ ಮೆಲ್ಲಗೆ. ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಪಾಳಿಯೇ ಬದಲಾಗಿರುತ್ತದೆ. ಯಾವ ಮೋಟರನ್ನು ಕಂಡರೂ ಅದರ ಮೈಮೇಲೆ ಅಂಗೈಯಿಟ್ಟು, “ನಿದ್ದೆಯಿಂದ ಎದ್ದವರನ್ನ ಹಾಗೇ ಓಡಿಸ್ತಾರೇನ್ರಪ್ಪಾ? ಮೊದಲು ಎದ್ದು ಕೂತ್ಕೊಳ್ಲಿ, ಆಮೇಲೆ ನಡೀಲಿ,” ಎನ್ನುತ್ತಾ, ವೇಗವನ್ನು ಹಿಡಿತದಲ್ಲಿಡುವ ಡ್ರೈವ್ ಎಂಬ ಪೆಟ್ಟಿಗೆಯ ಗುಂಡಿ ಒತ್ತಿ, ಮೋಟರು ಪೂರ್ತಿ ವೇಗಕ್ಕೆ ಏರುವ ಸಮಯವನ್ನು ಹೆಚ್ಚಿಸುತ್ತಾರೆ. ನನ್ನ ಅಮ್ಮ ದುಡಿಯುವುದೂ ಅದೇ ಗಿರಣಿಯಲ್ಲಿ. ಮೊನ್ನೆ ಅವಳ ಯಂತ್ರ ಚಾಲೂ ಮಾಡಿದಾಗಲೆಲ್ಲ ನೂಲು ತುಂಡಾಗುತ್ತಿತ್ತು. “ನಿನ್ನ ಕೈ ಒರಟು, ನಾಳೆಯಿಂದ ಬರಬೇಡ,” ಎಂದು ಮೇಸ್ತ್ರಿ ರೇಗಿದ. ಮಾವ ಬಂದು ಪೆಟ್ಟಿಗೆ ನೋಡಿದರು. ಏರುವ ಸಮಯ ಮೂರೇ ಸೆಕೆಂಡು ಇತ್ತು. ಅದನ್ನು ಇಪ್ಪತ್ತು ಮಾಡಿದರು. ಮೋಟರು ಮೆತ್ತಗೆ ಎದ್ದಿತು, ನೂಲು ತುಂಡಾಗಲಿಲ್ಲ. ಅವರು ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಎಲ್ಲರೆದುರು, “ಮೂರು ಅಂತ ಇಟ್ಟವನು ನಾನೇ ಕಣಯ್ಯ. ನೀರಿನ ಪಂಪಿಗೆ ಇಡೋದನ್ನ ಇಲ್ಲಿಗೆ ಇಟ್ಬಿಟ್ಟಿದ್ದೆ. ಬೈಯೋದಿದ್ರೆ ನನ್ನ ಬೈ, ಈ ತಂಗೀನ ಅಲ್ಲ,” ಎಂದರು. ಅಮ್ಮ ಆ ದಿನ ಮನೆಗೆ ಬಂದು ಹೊಟ್ಟೆ ತುಂಬ ಉಂಡಳು. ನಾಳೆ ಅಮ್ಮನಿಗೆ ಬುತ್ತಿ ಕೊಡಲು ಹೋದಾಗ, ಆ ಪೆಟ್ಟಿಗೆ ಹೊಂದಿಸುವುದನ್ನು ನನಗೂ ಕಲಿಸಿ ಎಂದು ಮಾವನನ್ನು ಕೇಳುತ್ತೇನೆ.