ಟಗರಿಗೆ ಹೆದರಿ ಗೋಡೆ ಹತ್ತಿದವರು

"ಕೋಟೆ ಹತ್ತಿದ್ದಾ? ಅವರು ಕೋಟೆಯ ಬಾಗಿಲವರೆಗೂ ಬರಲಿಲ್ಲ!" ಎಂದರು ನನ್ನ ಗಂಡನ ಮೇಲಧಿಕಾರಿ.

ತೊಂಬತ್ತರ ದಶಕದ ಆರಂಭ. ಮಸ್ಕತ್ ಹತ್ತಿರದ ಅಲ್ ಹೈಲ್‌ನಲ್ಲಿ ನಮ್ಮ ಬಾಡಿಗೆ ಮನೆ. ಗಂಡ ತೀರಿಕೊಂಡ ಹನ್ನೊಂದನೆಯ ದಿನ ವೇಲ್ಸ್‌ನ ಆ ಸಾಹೇಬರು ಮಾತಾಡಿಸಲು ಬಂದು, ಉದ್ದ ಕಾಲು ಮಡಚಲಾಗದೆ ಚಾಪೆಯ ಮೇಲೆ ಒದ್ದಾಡುತ್ತ ಕುಳಿತಿದ್ದರು. ನನಗೆ ಅಷ್ಟು ದಿನವೂ ಅಳು ಬಂದಿರಲಿಲ್ಲ. ಜನ ಅದನ್ನೇ ಆಡಿಕೊಳ್ಳುತ್ತಿದ್ದರು.

ಸಾಹೇಬರ ಊರಿಗೆ ನನ್ನ ಗಂಡ ಒಮ್ಮೆ ಅವರ ಜೊತೆಯಲ್ಲೇ ಆಫೀಸಿನ ತರಬೇತಿಗೆ ಹೋಗಿದ್ದರು. ಕಡಲತೀರದ ಹಳೇ ಕೋಟೆ ಹತ್ತಿದೆ, ಗುಡ್ಡವೆಲ್ಲ ಸುತ್ತಿದೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನೇ ನಾನು ಸಾಹೇಬರಿಗೆ ಹೇಳಿದ್ದೆ.

"ಊರ ಹೊರಗೆ ಒಂದು ಟಗರು ಎದುರಾಯಿತು. ಕಲ್ಲಿನ ಗೋಡೆ ಹತ್ತಿದವರು ಇಳಿಯಲೇ ಇಲ್ಲ. ಕೊನೆಗೆ ಆ ಹೊಲದ ಮುದುಕಿ ಗೋಡೆಯ ಮೇಲಕ್ಕೇ ಚಹಾ ಕೊಟ್ಟಳು. ಎರಡನೇ ಕಪ್ ಕೂಡ ಕೇಳಿದರು!" ಎಂದರು ಸಾಹೇಬರು.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

"ಎಂತ ಅತ್ತಿಗೆ, ಅಳುವುದು ಬಿಟ್ಟು ನಗುವುದಾ?" ಎಂದು ನಾದಿನಿ ಗದರಿದಳು. ಮರುಕ್ಷಣ ಅವಳೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಸಣ್ಣದಿರುವಾಗ ಅಣ್ಣ ಆಡಿಗೂ ಹೆದರುತ್ತಿದ್ದ" ಎಂದಳು.

ಬಂದವರೆಲ್ಲ ಅವರನ್ನು ದೇವರಂಥ ಮನುಷ್ಯ ಎಂದು ಹೊಗಳಿ ಹೋಗಿದ್ದರು. ಆ ದೇವರು ಯಾರೋ ನನಗೆ ಗೊತ್ತಾಗಿರಲಿಲ್ಲ. ಗೋಡೆಯ ಮೇಲೆ ಕುಳಿತು ಎರಡನೇ ಕಪ್ ಕೇಳಿದವರು ಮಾತ್ರ ಖಂಡಿತ ನನ್ನ ಗಂಡ. ಸಾಹೇಬರು ಎದ್ದು ಹೋದ ಮೇಲೆ, ಮೊದಲ ಬಾರಿಗೆ, ಬಿಕ್ಕಿ ಬಿಕ್ಕಿ ಅತ್ತೆ.