ಪೂಜೆಗಿಟ್ಟ ಕಂಪ್ಯೂಟರ್

ಮುಕ್ತಾ ನಮ್ಮ ಎದುರು ಮನೆಯವಳು. ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ವಸತಿ ಭಾಗದಲ್ಲಿ ಇಬ್ಬರದೂ ಎರಡನೇ ಮಾಳಿಗೆ. ನಾನು ಮೋಹಿನಿ, ಧಾರವಾಡ ಕಡೆಯವಳು, ಬಾಯಿ ಜೋರು. ಅವಳು ಉಡುಪಿಯವಳು, ಎಂದೂ ದನಿ ಎತ್ತಿದವಳಲ್ಲ. ಅವಳ ವಿಷಯ ಬರೆಯಲು ಕೂತರೆ ನನಗೆ ಈಗಲೂ ಮೈ ಉರಿಯುತ್ತದೆ. ಉರಿಯಲಿ ಬಿಡಿ.

ಮದುವೆಗೆ ಮೊದಲೇ ಅವಳು ಸಿವಿಲ್ ಡಿಪ್ಲೊಮಾ ಮುಗಿಸಿದ್ದಳು. ಮದುವೆಯಾದ ಮೇಲೆ, ನೌಪಾಡಾದಲ್ಲಿದ್ದ ಗಂಡನ ಹೋಟೆಲಿಗೆ ಸಾಂಬಾರು ಪುಡಿ ಹುರಿದು ಕಳಿಸುವುದೇ ಅವಳ ಇಂಜಿನಿಯರಿಂಗ್! ಗಂಡ ಪುಂಡರೀಕಾಕ್ಷ ಕೆಟ್ಟವನಲ್ಲ. ಅತ್ತೆಯೂ ಅಷ್ಟೇ. ಆದರೆ ಆ ಮನೆಯಲ್ಲಿ ಸೊಸೆ ಕೆಲಸಕ್ಕೆ ಹೋಗುವ ಮಾತೇ ಬಂದಿರಲಿಲ್ಲ. ಮಧ್ಯಾಹ್ನ ಅತ್ತೆ ಮಲಗಿದಾಗ ನಡುಮನೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತು ಇವಳು ತಾನೇ ನಕ್ಷೆ ಬಿಡಿಸಲು ಕಲಿತಳು. ಒಂದು ಕಟ್ಟಡವನ್ನು ತಳಪಾಯದಿಂದ ತಾರಸಿಯವರೆಗೆ ಬಿಡಿಸಿದಳು. 2009ರಲ್ಲಿ ವಾಶಿಯ ಒಂದು ಆಫೀಸಿನವರು, ಕೆಲಸ ಬೇಕಿದ್ದರೆ ದಸರಾ ಮರುದಿನ ನಿಮ್ಮ ನಕ್ಷೆಗಳನ್ನು ತಂದು ತೋರಿಸಿ ಎಂದರು. ಹೆದರುತ್ತಲೇ ಗಂಡನಿಗೆ ಹೇಳಿದಳು. ಅವನು ಹೂಂ ಅಂದ! ಆ ಕೆಲಸ ಸಿಕ್ಕಿದ್ದರೆ ಬಾಣಲೆಯಿಂದ ಬಿಡುಗಡೆ.

ಆಗಲೇ ಕಂಪ್ಯೂಟರ್ ಕುಂಟತೊಡಗಿತು. ಒಂದು ನಕ್ಷೆ ತೆರೆಯುವಷ್ಟರಲ್ಲಿ ಕುಕ್ಕರ್ ಕೂಗಿ ಆರುತ್ತಿತ್ತು. ಪುಂಡರೀಕಾಕ್ಷ ವೈರಸ್ ಎಂದ. ವೈರಸ್ ಹುಡುಕಿದ್ದಾಯಿತು, ಸಿಗಲಿಲ್ಲ. ಜಾಗ ಸಾಲದೇನೋ ಎಂದು ಹಾಡು, ಫೋಟೊಗಳನ್ನೆಲ್ಲ ಅಳಿಸಿದರು. ಡಬ್ಬಿ ಬಿಚ್ಚಿ ಧೂಳು ಒರೆಸಿದರು. ಹೊಸ ಮೆಮರಿ ಹಾಕಿಸಿದರು. ಅದು ಇನ್ನೂ ನಿಧಾನವಾಯಿತು. ಕೊನೆಗೆ ನನ್ನನ್ನು ಕರೆದಳು. ಕಿವಿ ಇಟ್ಟು ಕೇಳಿದೆ, ಒಳಗೆ ಕಟ್ ಕಟ್ ಎಂದು ಸದ್ದು. ನಮ್ಮ ಆಫೀಸಿನ ಒಂದು ಕಂಪ್ಯೂಟರ್ ಹೀಗೇ ಸತ್ತಿತ್ತು.

"ಹಾರ್ಡ್ ಡಿಸ್ಕ್ ಹೊಂಟದ ಮುಕ್ತಾ! ಮೊದಲ ಎಲ್ಲಾ ಪೆನ್‌ಡ್ರೈವಿಗೆ ಇಳಿಸ್ಕೋ. ಅಲ್ಲೀತನಕ ಬಂದ್ ಮಾಡಬ್ಯಾಡ. ಬಂದ್ ಮಾಡಿದ್ರ ಮತ್ತ ಏಳೂದಿಲ್ಲ" ಎಂದೆ.

ಅವಳು ಮನೆಯವರಿಗೆಲ್ಲ ಹೇಳಿಯೂ ಇಟ್ಟಳು. ಫೈಲುಗಳು ತೆವಳಿಕೊಂಡು ಹೋಗುತ್ತಿದ್ದವು. ಮರುದಿನ ಆಯುಧ ಪೂಜೆ. ಅವಳು ಮಡಿಯುಟ್ಟು ನೈವೇದ್ಯಕ್ಕೆ ಪಾಯಸ ಮಾಡುತ್ತಿದ್ದಳು. ನಡುಮನೆಯಲ್ಲಿ ಚಾಕು, ತುರಿಮಣೆ, ಮಿಕ್ಸಿ, ಎಲ್ಲಕ್ಕೂ ಕುಂಕುಮ ಇಟ್ಟ ಪುಂಡರೀಕಾಕ್ಷ ಕಂಪ್ಯೂಟರಿನ ಹತ್ತಿರ ಬಂದ. ತಿರುಗುತ್ತಿರುವ ಯಂತ್ರಕ್ಕೆ ಪೂಜೆ ಮಾಡುತ್ತಾರೆಯೇ? ಗೋಡೆಯ ಸ್ವಿಚ್ ಒತ್ತಿ ಆರಿಸಿದ. ಗಂಧ, ದಾಸವಾಳ, ಊದುಬತ್ತಿ, ಮಂಗಳಾರತಿ, ಎಲ್ಲವೂ ಆಯಿತು. ನಾನು ಪ್ರಸಾದಕ್ಕೆ ಹೋದಾಗ ಪರದೆ ಕಪ್ಪಗಿತ್ತು.

"ಅಯ್ಯೋ, ಬಂದ್ ಮಾಡಿದವರು ಯಾರ್ರೀ? ಬಿಸಿ ಇರೂದರಾಗ ಚಾಲೂ ಮಾಡ್ರಿ!" ಎಂದು ಕಿರುಚಿದೆ.

"ಹಾಗೆಲ್ಲ ಹೇಳ್ಬೇಡಿ. ಪೂಜೆಗಿಟ್ಟದ್ದನ್ನು ಮುಟ್ಲಿಕ್ಕುಂಟಾ? ನಾಳೆ ವಿಜಯದಶಮಿ, ಪೂಜೆ ತೆಗೆದ ಮೇಲೆ ಹಾಕಿದ್ರಾಯ್ತು" ಎಂದರು ಅತ್ತೆ.

"ಇಷ್ಟು ದಿನ ಒದ್ದಾಡಿದೆ ಪಾಪ, ಒಂದು ದಿನ ರೆಸ್ಟ್ ಸಿಗ್ಲಿ. ಇವಳ ಕೆಲಸ ಆಗ್ಲಿ ಅಂತ ಒಂದು ತೆಂಗಿನಕಾಯಿ ಜಾಸ್ತಿ ಒಡ್ದಿದ್ದೇನೆ" ಎಂದು ಪುಂಡರೀಕಾಕ್ಷ ನಕ್ಕ.

ಮುಕ್ತಾ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೈ ಚಾಚಿದ್ದರೆ ಸ್ವಿಚ್ ಸಿಗುತ್ತಿತ್ತು. ಚಾಚಲಿಲ್ಲ.

ಮರುದಿನ ಪೂಜೆ ತೆಗೆದು ಸ್ವಿಚ್ ಹಾಕಿದರು. ಕಟ್ ಕಟ್ ಎಂದಿತು, ಆಮೇಲೆ ಅದೂ ನಿಂತಿತು. ಪೆನ್‌ಡ್ರೈವಿಗೆ ಇಳಿದದ್ದು ಮೆಟ್ಟಿಲುಗಳ ನಕ್ಷೆ ಮಾತ್ರ. ಅವಳು ಹೊಸದಾಗಿ ಬಿಡಿಸುವ ತನಕ ವಾಶಿಯವರು ಕಾಯಲಿಲ್ಲ, ಬೇರೆಯವರನ್ನು ತೆಗೆದುಕೊಂಡರು. ಪಾಪ, ಪುಂಡರೀಕಾಕ್ಷ ನಿಜವಾಗಿಯೂ ನೊಂದುಕೊಂಡ. ತಿಂಗಳೊಳಗೆ ಹೋಟೆಲಿಗೇ ಹೊಸ ಕಂಪ್ಯೂಟರ್ ತಂದು, "ಇನ್ನು ಅಷ್ಟು ದೂರ ಯಾಕೆ, ಇಲ್ಲೇ ಕೂತ್ಕೋ" ಎಂದು ಅವಳನ್ನು ಬಿಲ್ ಮಾಡಲು ಕೂರಿಸಿದ. ಈಗಲೂ ಅವಳು ಅಲ್ಲೇ.

ನನಗೆ ತಡೆಯಲಾಗಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ: "ಗಂಡಗ ಒಂದು ಮಾತು ಬೈಲಿಲ್ಲಲ್ಲ ನೀನು, ಹುಚ್ಚೀ! ಯಾಕ?"

"ಹೇಗೆ ಬೈಯುದು ಮೋಹಿನಕ್ಕ?" ಎಂದಳು. "ನನ್ನ ಒಳ್ಳೇದಕ್ಕೇ ಪೂಜೆ ಮಾಡಿದ್ದಲ್ವಾ ಅವರು? ಬೇಕಂತ ಹಾಳು ಮಾಡಿದ್ದಿದ್ರೆ, ಜಗಳ ಮಾಡಿ ಅವತ್ತೇ ಹೊರಗೆ ಬರ್ತಿದ್ದೆ."