ತಾನಾಗಿ ತೆರೆದುಕೊಳ್ಳುತ್ತಿದ್ದ ಪುಸ್ತಕ

ಹಾಲಮ್ಮನಿಗೆ ನಾನು ಓದಲು ಕಲಿಸಲಿಲ್ಲ. ಕಲಿಸಿದ್ದೇನೆ ಎಂದು ಊರನ್ನು ನಂಬಿಸಿದೆ, ಇಲಾಖೆಯನ್ನು ನಂಬಿಸಿದೆ, ಕೊನೆಗೆ ಅವಳನ್ನೂ ನಂಬಿಸಿದೆ. ಅವಳಿಗೆ ಓದು ಬಾರದು ಎಂಬುದು ನಾಲ್ಕು ಜನರ ಎದುರು ಬಯಲಾದ ದಿನ ತಪ್ಪನ್ನು ಅವಳ ತಲೆಗೇ ಕಟ್ಟಿದೆ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ — ನಮ್ಮ ಮನೆಯವರ ಮುಂದೆ ಕೂಡ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಕಳೆದ ತಿಂಗಳು ಗೋವಿನಕೋವಿಯಲ್ಲಿ ಅವಳನ್ನು ಮತ್ತೆ ನೋಡಿದೆ.

ಎಪ್ಪತ್ತರ ದಶಕದ ಆರಂಭದ ಮಾತು. ಜಗಳೂರಿನವಳಾದ ನಾನು ಟಿ.ಸಿ.ಎಚ್. ಮುಗಿಸಿ, ಮೊದಲ ಕೆಲಸಕ್ಕೆಂದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಗೆ ಬಂದೆ. ಬಸವಾಪಟ್ಟಣದಲ್ಲಿ ಬಸ್ಸಿಳಿದು ನಡೆಯಬೇಕಾಗಿದ್ದ ಊರು. ಹೆಸರು ಬೇಡ, ತಪ್ಪು ಊರಿನದಲ್ಲ. ಟ್ರಂಕಿನಲ್ಲಿ ಸೀರೆಗಳ ಜೊತೆ ಮಿಂಚುಪಟ್ಟಿಗಳ ಒಂದು ಕಟ್ಟಿತ್ತು. ರಟ್ಟಿನ ಮೇಲೆ ದೊಡ್ಡದಾಗಿ ಒಂದೊಂದೇ ಪದ ಬರೆದು, ಮಕ್ಕಳ ಎದುರು ಹಿಡಿದು ಓದಿಸುವ ಪಟ್ಟಿಗಳು ಅವು. ಮಗುವಿಗೆ ಗೊತ್ತಿರುವ ಮಾತಿನಿಂದ ಶುರು ಮಾಡಿ, ಅದರೊಳಗಿನ ಅಕ್ಷರ ತೋರಿಸಿ, ಅದೇ ಅಕ್ಷರವನ್ನು ಬೇರೆ ಮಾತಿನಲ್ಲಿ ಹುಡುಕಿಸಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ರಾತ್ರಿ ಕೂತು ಬಣ್ಣ ಹಚ್ಚಿ ಆ ಪಟ್ಟಿಗಳನ್ನು ನಾನೇ ಮಾಡಿದ್ದೆ.

ಹೆಡ್ ಮಾಸ್ತರು ಅವನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ಚೆಂದ ಅದಾವೆ ಅಕ್ಕೋರೆ. ಆದ್ರೆ ತಪಾಸಣೆಗೆ ಸಾಹೇಬ್ರು ಬಂದಾಗ ಇವನ್ನ ಕೇಳಾಂಗಿಲ್ಲ. ಪುಸ್ತಕ ತೆಗಿ, ಓದು ಅಂತಾರೆ. ಅಷ್ಟಕ್ಕೆ ತಯಾರು ಮಾಡ್ರಿ ಸಾಕು."

ಆ ತಯಾರಿ ಹೇಗಿತ್ತು ಎಂದು ಹೇಳಲು ಈಗಲೂ ಮೈ ಉರಿಯುತ್ತದೆ. ಪ್ರತಿ ಮಗುವಿಗೆ ಒಂದೊಂದು ಪಾಠ ಹಂಚುತ್ತಿದ್ದೆವು. ಆ ಮಗುವಿಗೆ ವರ್ಷವಿಡೀ ಅದೇ ಪಾಠ — ದಿನಾ ನಾನು ಹೇಳಬೇಕು, ಅದು ಹಿಂದೆ ಹಿಂದೆ ಹೇಳಬೇಕು. ಬಾಯಿಗೆ ಬಂದ ಮೇಲೆ ಬೆರಳಿನ ಅಭ್ಯಾಸ. ಎಲ್ಲಿಂದ ಬೆರಳು ಎಳೆಯಬೇಕು, ಎಲ್ಲಿ ತಡೆಯಬೇಕು, ಯಾವ ಮಾತು ಬಂದಾಗ ಹಾಳೆ ಮಗುಚಬೇಕು, ಎಲ್ಲವನ್ನೂ ಕಲಿಸುತ್ತಿದ್ದೆವು. ಕೊನೆಗೆ ಪುಸ್ತಕದ ಸರದಿ. ಆ ಪಾಠ ಇರುವ ಹಾಳೆಯಲ್ಲಿ ಪುಸ್ತಕವನ್ನು ಹಿಂದಕ್ಕೆ ಮಡಚಿ, ಬೆನ್ನು ಮುರಿದು, ಬೀಸುವ ಕಲ್ಲಿನ ಕೆಳಗೆ ಇಟ್ಟುಬಿಡುವುದು. ನಾಲ್ಕು ದಿನ ಹಾಗೆ ಇಟ್ಟರೆ, ಆಮೇಲೆ ಯಾರು ಎತ್ತಿ ಹಿಡಿದರೂ ಪುಸ್ತಕ ಅದೇ ಪಾಠಕ್ಕೆ ತೆರೆದುಕೊಳ್ಳುತ್ತಿತ್ತು. ಸಾಹೇಬರು ತಾವೇ ಎಲ್ಲೋ ತೆಗೆದೆವು ಎಂದುಕೊಳ್ಳುತ್ತಿದ್ದರು. ಮಗು ತನ್ನ ಪಾಠವನ್ನು ಗಡಗಡ ಒಪ್ಪಿಸುತ್ತಿತ್ತು.

ಬರವಣಿಗೆಯೂ ಅಷ್ಟೇ. ಬೋರ್ಡಿನ ಮೇಲೆ ಒಂದು ವಾಕ್ಯ, ಸ್ಲೇಟಿನ ಮೇಲೆ ಅದರ ನಕಲು. ಒಂದು ದಿನ ಸುಮ್ಮನೆ "ನೀರು ಅಂತ ಬರೀರಿ" ಎಂದೆ. ಮಕ್ಕಳು ಬಳಪ ಹಿಡಿದು ನನ್ನ ಮುಖ ನೋಡಿದವು. "ಎಲ್ಲಿ ನೋಡ್ಕಂಡು ಬರೀಬೇಕ್ರಿ ಅಕ್ಕೋರೆ?" ಎಂದು ಒಬ್ಬ ಹುಡುಗ ಕೇಳಿದ. ಅವತ್ತೇ ನನಗೆ ಎಚ್ಚರವಾಗಬೇಕಿತ್ತು. ನಕ್ಕು, ನೀರು ಎಂದು ಬೋರ್ಡಿನ ಮೇಲೆ ಬರೆದುಕೊಟ್ಟೆ.

ಹಾಲಮ್ಮ ಗೌಂಡಿ ಕೆಲಸದ ಚೌಡಪ್ಪನ ಮಗಳು, ನಾಲ್ಕನೇ ತರಗತಿ. ಅವಳ ಪಾಲಿಗೆ ಬಂದದ್ದು ಬೇವಿನ ಮರದ ಪಾಠ. ತನ್ನದಷ್ಟೇ ಅಲ್ಲ, ಪಕ್ಕದವರ ಪಾಠಗಳೂ ಅವಳ ಬಾಯಲ್ಲಿದ್ದವು; ಒಂದು ಸಲ ಕಿವಿಗೆ ಬಿದ್ದದ್ದು ಮತ್ತೆ ಹೋಗುತ್ತಿರಲಿಲ್ಲ. ಧ್ವನಿಯೂ ಚೆಂದ. ನನಗೆ ಅವಳೆಂದರೆ ಹೆಮ್ಮೆ — ಛೆ, ಹೆಮ್ಮೆಯಂತೆ.

ಒಂದು ಮಧ್ಯಾಹ್ನ ಅವಳು ಓದುತ್ತಿದ್ದಾಗ ಹಿಂದೆ ನಿಂತು ನೋಡಿದೆ. ಅವಳ ಪುಸ್ತಕದಲ್ಲಿ ಆ ಪಾಠದ ನಡುವಿನ ಹಾಳೆಯೇ ಇರಲಿಲ್ಲ, ಹರಿದುಹೋಗಿತ್ತು. ಹಾಲಮ್ಮ ಇಲ್ಲದ ಹಾಳೆಯನ್ನು ಒಂದು ಮಾತೂ ತಪ್ಪದೆ ಓದಿದಳು. ಬೆರಳು ಮುಂದಿನ ಪುಟದ ಎತ್ತಿನ ಚಿತ್ರದ ಮೇಲೆ ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಈ ಹುಡುಗಿಗೆ ಒಂದಕ್ಷರವೂ ಗೊತ್ತಿಲ್ಲ ಎಂಬುದು ನನಗೆ ಖಚಿತವಾಗಿ ತಿಳಿದದ್ದು ಆಗ.

ಇನ್ನೂ ಹೇಳಬೇಕು. ಮರುದಿನ ಅವಳೇ ನನ್ನ ಹತ್ತಿರ ಬಂದಳು. ಪುಸ್ತಕ ತೆರೆದು, ಒಂದು ಅಕ್ಷರದ ಮೇಲೆ ಬೆರಳಿಟ್ಟು ಕೇಳಿದಳು: "ಅಕ್ಕೋರೆ, ಇದೊಂದೇ ಇದ್ರೆ ಇದಕ್ಕೆ ಏನಂತಾರ್ರಿ?"

ಕಲಿಯಬೇಕೆಂದು ತಾನಾಗಿ ಬಂದ ಮಗು. ಮಿಂಚುಪಟ್ಟಿಗಳು ಅಲ್ಲೇ ಬೀರುವಿನಲ್ಲಿದ್ದವು, ಕೈಗೆಟಕುವಷ್ಟು ದೂರದಲ್ಲಿ. ಸಾಹೇಬರು ಬರುವ ಸುದ್ದಿ ಬಂದಿತ್ತು. ಅಕ್ಷರ ಬಿಡಿಸಿ ಓದಲು ಹೊರಟರೆ ಅವಳ ಸರಾಗ ಓದು ತಡವರಿಸುತ್ತದೆ ಎಂದು ನನಗೆ ಗೊತ್ತಿತ್ತು. "ಬಾಯಿಗೆ ಬರುತ್ತಲ್ಲ, ಅದೆಲ್ಲ ಯಾಕೆ? ಹೋಗಿ ಕೂತ್ಕೋ," ಎಂದೆ. ಹಾಲಮ್ಮ ಪುಸ್ತಕ ಮುಚ್ಚಿಕೊಂಡು ಹೋಗಿ ಕೂತಳು. ಮತ್ತೆ ಯಾವತ್ತೂ ಕೇಳಲಿಲ್ಲ.

ಸಾಹೇಬರು ಬಂದರು. ಪುಸ್ತಕ ಹೊಸದನ್ನೇ ಕೊಡಿಸಿ, ಅದರ ಬೆನ್ನನ್ನೂ ಮುರಿದು ಇಟ್ಟಿದ್ದೆವು. ಹಾಲಮ್ಮ ಓದಿದಳು. ಹಳ್ಳಿ ಶಾಲೆಯಲ್ಲಿ ಇಂಥ ಓದು ಕೇಳಿರಲಿಲ್ಲ ಎಂದು ಸಾಹೇಬರು ತಲೆದೂಗಿ, ಇದು ಯಾರ ತರಗತಿ ಎಂದು ವಿಚಾರಿಸಿದರು. ಆ ಹೊತ್ತಿಗೆ ನನ್ನ ಮದುವೆಯಾಗಿತ್ತು, ಗಂಡ ಹೊನ್ನಾಳಿಯಲ್ಲಿದ್ದರು, ವರ್ಗಕ್ಕೆ ಅರ್ಜಿ ಹಾಕಿಕೊಂಡಿದ್ದೆ. ಬೇಸಿಗೆ ಕಳೆಯುವುದರೊಳಗೆ ಆದೇಶ ಕೈಗೆ ಬಂತು. ನಾನು ಹೊನ್ನಾಳಿಗೆ ಬಂದೆ, ಹಾಲಮ್ಮ ನಾಲ್ಕನೇ ತರಗತಿ ಪಾಸಾಗಿ ಮನೆಗೆ ಹೋದಳು.

ಆ ಸಾಹೇಬರ ಮೇಲೆ ನನಗೆ ಸಿಟ್ಟಿದೆ. ಇನ್ನೊಂದು ಹಾಳೆ ಮಗುಚಿದ್ದರೆ ಸಾಕಿತ್ತು, ಅವರು ಮಗುಚಲಿಲ್ಲ. ಅವರಿಗೂ ಬೇಕಾಗಿದ್ದದ್ದು ಗಡಗಡ ಓದೇ. ಹೆಡ್ ಮಾಸ್ತರ ಮೇಲೆ ಸಿಟ್ಟಿದೆ. ಬಡವರ ಮಕ್ಕಳಿಗೆ ಓದು ಬಂದಂತೆ ಕಂಡರೆ ಸಾಕು, ಬರಬೇಕಾಗಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದ ಆ ಇಡೀ ಏರ್ಪಾಡಿನ ಮೇಲೆ ಸಿಟ್ಟಿದೆ. ತಮ್ಮ ಮಕ್ಕಳನ್ನು ಅವರ್ಯಾರೂ ಹೀಗೆ ಓದಿಸುತ್ತಿರಲಿಲ್ಲ. ಆದರೆ ಕಲ್ಲಿನ ಕೆಳಗೆ ಪುಸ್ತಕ ಇಟ್ಟ ಕೈ ನನ್ನದು. ಅವರ ಹೆಸರು ಹೇಳಿ ಕೈ ತೊಳೆದುಕೊಳ್ಳಲು ಬರುವುದಿಲ್ಲ.

ವರ್ಷಗಳು ಕಳೆದು ಎಂಬತ್ತರ ದಶಕ ಬಂದಿತ್ತು. ಆ ಊರಿನ ಮಹಿಳಾ ಸಮಾಜದವರು ಶಿಶುವಿಹಾರ ತೆರೆಯುವವರಿದ್ದರು. ಚಿಕ್ಕ ಮಕ್ಕಳಿಗೆ ಕಲಿಸಲು ಊರಿನ ಹೆಣ್ಣುಮಗಳೇ ಬೇಕು, ಓದು ಬರಹ ಬಂದರೆ ಸಾಕು ಎಂದಿದ್ದರು. ಅಲ್ಲಿ ಕೆಲಸ ಮಾಡಿದವಳೆಂದು, ಬಂದವರನ್ನು ಓದಿಸಿ ನೋಡಲು ನನ್ನನ್ನೂ ಕರೆದರು. ಹೋದೆ. ಅಲ್ಲಿ ಹಾಲಮ್ಮ ಇದ್ದಳು. ಗಂಡ ತೀರಿಕೊಂಡು, ಕಂಕುಳಲ್ಲಿ ಹೆಣ್ಣು ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. "ನಮ್ಮ ಅಕ್ಕೋರೇ ಬಂದಾರೆ," ಎಂದು ಪಕ್ಕದವಳಿಗೆ ಹೇಳಿದಳು. ಅವಳ ಮಟ್ಟಿಗೆ ಕೆಲಸ ಸಿಕ್ಕೇಬಿಟ್ಟಿತ್ತು.

ಅವಳ ಕೈಗೆ ಬೇರೆ ಯಾವುದೋ ಪುಸ್ತಕ ಕೊಟ್ಟರು. ಅವಳು ಬೆರಳಿಟ್ಟಳು. ನಾನೇ ಕಲಿಸಿದ ಹಾಗೆ, ನೆಟ್ಟಗೆ, ಮೊದಲ ಸಾಲಿನ ಎಡತುದಿಗೆ. ಬಾಯಿಂದ ಏನೂ ಬರಲಿಲ್ಲ. ಬೆರಳು ಒಂದು ಸಾಲು ಪೂರ್ತಿ ಹರಿದು, ಮತ್ತೆ ಎಡಕ್ಕೆ ಬಂತು. ಯಾರೋ ಕಿಸಕ್ಕೆಂದರು. ಸಮಾಜದ ಅಧ್ಯಕ್ಷೆ, "ಏನವ್ವ, ಶಾಲೆಗೆ ಹೋಗಿದ್ದು ಸುಳ್ಳೇನು?" ಎಂದರು.

ಹಾಲಮ್ಮ ನನ್ನ ಕಡೆ ತಿರುಗಿದಳು. "ಅಕ್ಕೋರೆ, ನೀವೇ ಹೇಳ್ರಿ. ನಾನು ಓದ್ತಿದ್ದೆ ಅಲ್ಲೇನ್ರಿ?"

ಎಲ್ಲರೂ ನನ್ನತ್ತ ನೋಡಿದರು. ಇಲ್ಲ, ಇವಳಿಗೆ ನಾವು ಕಲಿಸಲೇ ಇಲ್ಲ — ಅಷ್ಟು ಹೇಳಿದ್ದರೆ ಕೆಲಸ ಸಿಗುತ್ತಿರಲಿಲ್ಲ, ನಿಜ. ಆದರೆ ಮಾನ ಉಳಿಯುತ್ತಿತ್ತು. ನಾನು ಹೇಳಿದ್ದು ಇದು: "ಚೆನ್ನಾಗೇ ಓದುತ್ತಿದ್ದಳು. ಸಂಸಾರ, ಕಷ್ಟ... ರೂಢಿ ತಪ್ಪಿ ಮರೆತುಬಿಟ್ಟಿದ್ದಾಳೆ."

"ಕಲ್ಸಿದ್ದನ್ನ ಉಳಿಸ್ಕಳಾಕೆ ಆಗ್ಲಿಲ್ಲ ನೋಡು," ಎಂದರು ಅಧ್ಯಕ್ಷೆ. ಹಾಲಮ್ಮ ಒಂದು ಗಳಿಗೆ ನನ್ನನ್ನೇ ನೋಡಿ, ನಿಧಾನಕ್ಕೆ ತಲೆಯಾಡಿಸಿದಳು. ನಾನು ಹೇಳಿದ್ದನ್ನು ಅವಳು ನಂಬಿದಳು. ಕೆಲಸ ಬೇರೆಯವಳಿಗೆ ಹೋಯಿತು.

ಕಳೆದ ತಿಂಗಳು ನಮ್ಮ ಯಜಮಾನರ ಕಡೆಯ ಮದುವೆಗೆಂದು ಗೋವಿನಕೋವಿಗೆ ಹೋಗಿದ್ದೆ. ಅಡುಗೆ ಚಪ್ಪರದಲ್ಲಿ ತರಕಾರಿ ಹೆಚ್ಚುತ್ತಿದ್ದವಳು ಎದ್ದು ಬಂದು ಕಾಲಿಗೆ ಬಿದ್ದಳು. ಹಾಲಮ್ಮ. ಅಣ್ಣನ ಸಂಸಾರದ ಜೊತೆ ಈಗ ಅಲ್ಲೇ ಇದ್ದಾಳಂತೆ. ಪಕ್ಕದಲ್ಲಿ ಆ ಕೂಸು — ಈಗ ಶಾಲೆಗೆ ಹೋಗುವ ಹುಡುಗಿ. "ಇವರೇ ಕಣೇ ನಂಗೆ ಓದಾಕೆ ಕಲ್ಸಿದ್ದು," ಎಂದು ಮಗಳಿಗೆ ನನ್ನನ್ನು ತೋರಿಸಿದಳು. "ಪಾಪ, ಭಾಳ ಕಷ್ಟಪಟ್ಟು ಕಲ್ಸಿದ್ರು. ನಂದೇ ಹಾಳು ತಲೆ, ನಿಲ್ಲಲಿಲ್ಲ. ಇವಳದೂ ನನ್ನಂಗೇ ಐತ್ರಿ ಅಕ್ಕೋರೆ, ಅಕ್ಷರ ಹತ್ತವಲ್ದು. ಸುಗ್ಗಿ ಮುಗಿದ್ಮೇಲೆ ಶಾಲೆ ಬಿಡಿಸ್ತೀನಿ. ನಮ್ಮ ರಕ್ತದಾಗೇ ಮರೆವೈತೆ, ಸುಮ್ನೆ ಯಾಕೆ?"

ಇಷ್ಟು ಹೇಳಿ, ನನ್ನನ್ನು ನಗಿಸಲೆಂದು, ಅಲ್ಲೇ ಕೈ ಒರೆಸಿಕೊಂಡು ನಿಂತು ಶುರು ಮಾಡಿದಳು. "ಸೋಮನ ಮನೆಯ ಮುಂದೆ ಒಂದು ಬೇವಿನ ಮರವಿದೆ. ಮರದ ಕೆಳಗೆ ಅಜ್ಜ ಕೂತಿದ್ದಾನೆ..." ಮೊದಲಿನಿಂದ ಕೊನೆಯವರೆಗೆ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಳೆ ಮಗುಚಬೇಕಾದಲ್ಲಿ ಒಂದು ಕ್ಷಣ ತಡೆದಳು, ಖಾಲಿ ಗಾಳಿಯಲ್ಲಿ ಅವಳ ಬೆರಳು ಆಡಿತು. ಹರಿದುಹೋಗಿದ್ದ ಹಾಳೆಯೂ ಅದರಲ್ಲಿತ್ತು.

ಇಷ್ಟು ನೆನಪಿರುವ ಹೆಣ್ಣುಮಗಳಿಗೆ ಮರೆಗುಳಿ ಎಂಬ ಹೆಸರಿಟ್ಟವಳು ನಾನು. ಅಷ್ಟಾದರೂ ಆ ಚಪ್ಪರದಲ್ಲಿ ನಾನು ಬಾಯಿ ಬಿಚ್ಚಲಿಲ್ಲ. ಊಟಕ್ಕೆ ಹೊತ್ತಾಯಿತು ಎಂದು ಎದ್ದು ಬಂದೆ. ಆಮೇಲೆ ಒಳ್ಳೆಯ ಶಿಕ್ಷಕಿಯಾದೆ, ಹೊನ್ನಾಳಿಯಲ್ಲಿ ಎಷ್ಟೋ ಮಕ್ಕಳಿಗೆ ನಿಜವಾಗಿ ಕಲಿಸಿದೆ ಎಂದು ಇಲ್ಲಿ ಬರೆದುಕೊಳ್ಳಬಹುದು. ಅದು ಹಾಲಮ್ಮನಿಗೆ ಯಾವ ಉಪಯೋಗಕ್ಕೂ ಬಾರದು.

ಇದನ್ನು ನೀವು ಓದುತ್ತಿದ್ದೀರಿ. ಯಾರು ಓದಬೇಕಿತ್ತೋ ಅವಳಿಗೆ ಓದಲು ಬರುವುದಿಲ್ಲ. ಆದ್ದರಿಂದ ಬರೆದು ಮುಗಿಸಿದೆ ಎಂದುಕೊಳ್ಳುವ ಹಾಗಿಲ್ಲ; ಬಾಯಲ್ಲೇ ಹೇಳಬೇಕು, ಅವಳ ಮಗಳ ಎದುರಿಗೇ ಹೇಳಬೇಕು. ಸುಗ್ಗಿ ಇನ್ನೂ ಮುಗಿದಿಲ್ಲ. ಈ ಭಾನುವಾರ ಗೋವಿನಕೋವಿಗೆ ಹೋಗಲು ನ್ಯಾಮತಿ ಬಸ್ಸು ಹತ್ತುತ್ತೇನೆ. ಅವಳು ಉಗಿದರೂ ಉಗಿಯಲಿ. ಹಾಲಮ್ಮ, ನೀನು ಏನನ್ನೂ ಮರೆತಿಲ್ಲ. ನಾನು ಕಲಿಸಲೇ ಇಲ್ಲ.